ಹೊಟ್ಟೆನೋವು ತರುತ್ತಿದ್ದ ಮಳೆ

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕರೆತಂದಿದ್ದ ಹುಡುಗನಿಗೆ ಹತ್ತು ವರ್ಷ. ಮಡಿಕೇರಿ ಕಡೆಯ ಕಾಫಿ ತೋಟದ ಮನೆ. ಜೂನ್ ಬಂತೆಂದರೆ ಬೆಳಿಗ್ಗೆ ಹೊಟ್ಟೆನೋವು, ರಾತ್ರಿ ನಿದ್ದೆ ಇಲ್ಲ, ಸಣ್ಣದಕ್ಕೂ ಸಿಡಿಮಿಡಿ. ಮಕ್ಕಳ ಡಾಕ್ಟರು ಸ್ಕ್ಯಾನ್ ಮಾಡಿಸಿದರೂ ಏನೂ ಸಿಗಲಿಲ್ಲ. ಸ್ಕೂಲ್ ತಪ್ಪಿಸುವ ನಾಟಕ ಅಂತ ಅಪ್ಪ. ಅಮ್ಮ ಮೊಬೈಲ್‌ನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಬಗ್ಗೆ ಓದಿಕೊಂಡು ಬಂದಿದ್ದರು: "ಮೇಡಂ, ಕಾರ್ಟಿಸಾಲ್ ಟೆಸ್ಟ್ ಮಾಡಿಸೋಣ್ವಾ?"

ಹುಡುಗ ಕಿಟಕಿ ಪಕ್ಕ ಕೂತು ಹೆಂಚಿನಿಂದ ಸುರಿಯುವ ನೀರನ್ನೇ ನೋಡುತ್ತಿದ್ದ. ಮಳೆ ಜೋರಾಯಿತು. ಕುರ್ಚಿ ಹಿಡಿದಿದ್ದ ಬೆರಳುಗಳು ಬಿಳಿಚಿಕೊಂಡವು. "ಇವತ್ತು ಎಷ್ಟು ಇಂಚು ಆಗಿರುತ್ತೆ?" ಅಂದ. ಅದೇ ಅವನ ಮೊದಲ ಮಾತು.

ನಮ್ಮ ತೋಟದ ಮನೆಗಳಲ್ಲಿ ಮಳೆಯನ್ನು ಇಂಚಲ್ಲೇ ಹೇಳುತ್ತಾರಲ್ವಾ. ಇವನ ಅಜ್ಜನೂ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ನೆಂಟರಿಗೆಲ್ಲ ಫೋನ್ ಮಾಡುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಇವನಿಗೆ ಐದು ವರ್ಷ. ಮನೆ ಉಳಿಯಿತು. ಆದರೆ ರಾತ್ರೋರಾತ್ರಿ ಹೊರಟು ಪರಿಹಾರ ಕೇಂದ್ರ ಸೇರಿದ್ದರು. ಆಮೇಲೆ ಮನೆಯಲ್ಲಿ ಆ ಮಾತೇ ಎತ್ತಿಲ್ಲ. ಮಗುವಿಗೆ ನೆನಪಿಲ್ಲ ಅಂದುಕೊಂಡಿದ್ದರು. ಇಂಚಿನ ಲೆಕ್ಕ ಮಾತ್ರ ದಿನಾ ಅವನ ಕಿವಿಗೆ ಬೀಳುತ್ತಿತ್ತು.

ಅಪ್ಪನಿಗೆ ಮೊದಲು ಹೇಳಿದ್ದು, ನೋವು ನಿಜ ಅಂತ. ಹೆದರಿಕೆಯಾದಾಗ ಮೆದುಳು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಅದರಿಂದ ಹೊರಡುವ ಅಡ್ರಿನಲಿನ್ ಹಾರ್ಮೋನ್ ಕ್ಷಣದಲ್ಲೇ ಎದೆ ಬಡಿಸುತ್ತದೆ. ಅಲ್ಲಿಂದಲೇ ಬರುವ ಕಾರ್ಟಿಸಾಲ್ ನಿಧಾನವಾಗಿ ಏರಿ ಜಾಸ್ತಿ ಹೊತ್ತು ಉಳಿಯುತ್ತದೆ. ಮೆದುಳಿಗೂ ಹೊಟ್ಟೆಗೂ ನರಗಳ ನಂಟಿರುವುದರಿಂದ ಹೊಟ್ಟೆ ಹಿಂಡುತ್ತದೆ. ಇನ್ನು ಟೆಸ್ಟ್ ವಿಷಯ. ಕಾರ್ಟಿಸಾಲ್ ಎಲ್ಲರಲ್ಲೂ ಬೆಳಿಗ್ಗೆ ಎದ್ದ 30-45 ನಿಮಿಷದಲ್ಲಿ ಹೆಚ್ಚು, ನಡುರಾತ್ರಿ ಹೊತ್ತಿಗೆ ಕಡಿಮೆ. ಆತಂಕ ಇರುವ ಮಕ್ಕಳಲ್ಲಿ ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ ಇರುವುದೂ ಉಂಟು. ಹಾಗಾಗಿ ಅದನ್ನು ನೋಡಿ ಆತಂಕದ ಕಾಯಿಲೆ ಇದೆ, ಇಲ್ಲ ಅನ್ನಲು ಆಗುವುದಿಲ್ಲ. ಗ್ರಂಥಿಯದೇ ತೊಂದರೆಯ ಅನುಮಾನ ಇದ್ದರೆ ಡಾಕ್ಟರೇ ಬರೆದುಕೊಡುತ್ತಾರೆ. ಸುಮ್ನೆ ಮಗುವಿಗೆ ಸೂಜಿ ಚುಚ್ಚಿಸುವುದು ಬೇಡ ಅಂದೆ.

"ಏನೂ ಆಗಲ್ಲ" ಅನ್ನುವುದನ್ನು ಬಿಡಿ ಎಂದು ಗಟ್ಟಿಯಾಗಿ ಹೇಳಿದೆ. ಆಗಿದ್ದನ್ನು ಅವನು ಕಣ್ಣಾರೆ ನೋಡಿದ್ದಾನೆ, ಆ ಮಾತು ನಂಬುವುದಾದರೂ ಹೇಗೆ? ಅದರ ಬದಲು, ಹೊರಡಿ ಅಂದರೆ ಯಾರ ಮನೆಗೆ ಹೋಗುತ್ತೀರಿ, ಬ್ಯಾಗಲ್ಲಿ ಏನಿರುತ್ತದೆ ಅಂತ ಅವನ ಜೊತೆ ಕೂತು ಮಾತಾಡಿ. ಸಂಜೆ ಗುಡ್ಡ ಕುಸಿತದ ವಿಡಿಯೋ ನೋಡುವುದು ನಿಲ್ಲಿಸಿ. ಮಳೆ ರಜೆ ಇದ್ದ ದಿನ ಬಿಟ್ಟು ಸ್ಕೂಲ್ ತಪ್ಪಿಸಬೇಡಿ. ತಪ್ಪಿಸಿದಷ್ಟೂ ಹೆದರಿಕೆ ಬಲಿಯುತ್ತದೆ.

ಮಳೆಮಾಪಕದ ಕೆಲಸವನ್ನು ಅವನಿಗೇ ಕೊಡಿ ಅಂದೆ. ಅಜ್ಜ ಒಪ್ಪಿದರು. ನೋಟ್‌ಬುಕ್‌ನಲ್ಲಿ ಇಂಚು, ಪಕ್ಕದಲ್ಲಿ ಹೆದರಿಕೆ 10ಕ್ಕೆ ಎಷ್ಟು. ಹೆದರಿಕೆ ಏರಿದರೆ ಕಾಫಿ ಆರಿಸುವ ಹಾಗೆ ನಿಧಾನವಾಗಿ ಉಸಿರು ಊದಬೇಕು. ಇದರಿಂದ ಆಗದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ, ನಡುರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಅಂತಲೂ ಹೇಳಿದೆ.

ಆರನೇ ಭೇಟಿಗೆ ನೋಟ್‌ಬುಕ್ ತಂದಿದ್ದ. ಒಂದು ಪುಟದಲ್ಲಿ: "4 ಇಂಚು. ಹೆದರಿಕೆ 8." ಮೂರು ವಾರದ ನಂತರ: "4 ಇಂಚು. ಹೆದರಿಕೆ 5. ಸ್ಕೂಲಿಗೆ ಹೋದೆ." ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಮುಂದಿನ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಇನ್ನೊಮ್ಮೆ ಕರೆತನ್ನಿ ಅಂದಿದ್ದೇನೆ.