ಅಪ್ಪಯ್ಯನಿಗೆ ಕ್ಯಾನ್ಸರ್ ಅಂತ ಹೇಳೋದೋ, ಬೇಡವೋ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ, ಅಡಿಕೆ ತೋಟವಿದೆ. ಅಪ್ಪಯ್ಯನಿಗೆ 64 ವರ್ಷ. ಅನ್ನ ನುಂಗಲು ಕಷ್ಟವಾಗಿ ಎಂಡೋಸ್ಕೋಪಿ, ಬಯಾಪ್ಸಿ ಮಾಡಿಸಿದಾಗ ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಂಗಳೂರಿನಲ್ಲಿ ರೇಡಿಯೇಷನ್ ಮತ್ತು ಕೀಮೋ ಒಟ್ಟಿಗೆ ಕೊಡುತ್ತಾರಂತೆ. "ಕ್ಯಾನ್ಸರ್ ಅಂದ್ರೆ ಎದೆ ಒಡ್ಕೊಂಡುಬಿಡ್ತಾರೆ, ಹುಣ್ಣು ಅಂತಷ್ಟೇ ಹೇಳೋದು" ಎಂದು ಅಣ್ಣಂದಿರು ತೀರ್ಮಾನಿಸಿ ಡಾಕ್ಟರಿಗೂ ಹಾಗೇ ಹೇಳಿಟ್ಟಿದ್ದಾರೆ. ಫೈಲು ಅತ್ತಿಗೆಯ ಬೀರುವಿನಲ್ಲಿದೆ. ಮೊನ್ನೆ ಅಪ್ಪಯ್ಯ ನನ್ನೊಬ್ಬಳನ್ನೇ ಕರೆದು, "ಹುಣ್ಣಿಗೆ ಬೆಂಗಳೂರಿಗೆ ಹೋಗಿ ಕರೆಂಟ್ ಕೊಡಿಸ್ಕೋಬೇಕಾ ಪುಟ್ಟಿ?" ಎಂದು ಕೇಳಿದರು. ಏನೂ ಹೇಳಲಾಗದೆ ಒಳಗೆ ಬಂದುಬಿಟ್ಟೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಅಪ್ಪಯ್ಯನಿಗೆ ಅನುಮಾನ ಬಂದಾಗಿದೆ. ಅನುಮಾನ ಇಲ್ಲದವರು ಮಗಳನ್ನು ಒಬ್ಬಳನ್ನೇ ಕರೆದು ಕೇಳುವುದಿಲ್ಲ. ಈಗ ಉಳಿದಿರುವುದು, ಅವರಿಗೆ ವಿಷಯ ಯಾರ ಬಾಯಿಂದ ತಿಳಿಯಬೇಕು ಎನ್ನುವುದಷ್ಟೇ.

ರೇಡಿಯೇಷನ್ ವಿಭಾಗದ ಹೊರಗೆ ಒಂದು ಗಂಟೆ ಕೂತವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಕುತ್ತಿಗೆಯ ಮೇಲೆ, ಎದೆಯ ಮೇಲೆ ಬಣ್ಣದ ಗೆರೆ ಎಳೆಸಿಕೊಂಡವರು ಸಾಲಾಗಿ ಕೂತಿರುತ್ತಾರೆ. ಪಕ್ಕದವರನ್ನು ಮಾತಾಡಿಸುವುದೇ "ನಿಮ್ದು ಯಾವ ಜಾಗದ್ದು? ಎಷ್ಟು ಕರೆಂಟ್ ಆಯ್ತು?" ಎಂದು. ವಾರಕ್ಕೆ 5 ದಿನದಂತೆ ಐದಾರು ವಾರ ಅಲ್ಲಿಗೆ ಹೋಗಿ ಬರುವ ಮನುಷ್ಯನಿಂದ ಕಾಯಿಲೆಯ ಹೆಸರನ್ನು ಮುಚ್ಚಿಡಲು ಯಾವ ಬೀರುವಿನಿಂದಲೂ ಆಗದು. ಅಪರಿಚಿತರಿಂದ ತಿಳಿದರೆ ಕಾಯಿಲೆಯ ಸಂಕಟದ ಜೊತೆಗೆ, ನನ್ನ ಮಕ್ಕಳೇ ನನಗೆ ಹೇಳಲಿಲ್ಲ ಎಂಬ ನೋವೂ ಸೇರಿಕೊಳ್ಳುತ್ತದೆ.

ಅಣ್ಣಂದಿರು ತಪ್ಪು ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಅಪ್ಪ ಕುಸಿದುಹೋಗಬಾರದು ಎಂಬ ಪ್ರೀತಿಯೇ ಅವರಿಂದ ಹಾಗೆ ಮಾಡಿಸಿದೆ. ನಮ್ಮ ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಇಳಿಸುವ ಆರೈಕೆ) ವಿಭಾಗದಲ್ಲಿ ಇದನ್ನು ಸದಾ ನೋಡುತ್ತೇವೆ. ಮಕ್ಕಳು ಮೊದಲು ಒಳಗೆ ಬಂದು "ಅಪ್ಪನಿಗೆ ಗೊತ್ತಾಗಬಾರದು ಡಾಕ್ಟ್ರೇ" ಎನ್ನುತ್ತಾರೆ. ಆಮೇಲೆ ಅಪ್ಪ ಒಬ್ಬರೇ ಸಿಕ್ಕಾಗ, "ಮಕ್ಕಳಿಗೆ ಹೇಳಬೇಡಿ, ಹೆದರಿಕೊಳ್ತಾರೆ" ಎನ್ನುತ್ತಾರೆ. ಒಂದೇ ಮನೆಯಲ್ಲಿ ಎಲ್ಲರಿಗೂ ಎಲ್ಲ ಗೊತ್ತು, ಆದರೆ ಯಾರೂ ಯಾರೊಂದಿಗೂ ಅಳುವಂತಿಲ್ಲ. ಕಾಯಿಲೆಯವರು ನೋವನ್ನು ಹೇಳಿಕೊಳ್ಳುವುದನ್ನೂ ಬಿಡುತ್ತಾರೆ. ನನಗೆ ಅತ್ಯಂತ ಸಂಕಟವಾಗುವುದು ಅದನ್ನು ಕಂಡಾಗ. ಔಷಧಿಯಿಂದ ಇಳಿಸಬಹುದಾದ ನೋವನ್ನು ಅವರು ಮಕ್ಕಳ ಮುಖ ನೋಡಿ ನುಂಗಿಕೊಂಡಿರುತ್ತಾರೆ.

ಅಣ್ಣಂದಿರಿಗೆ ಮನವರಿಕೆ ಮಾಡಲು ಇನ್ನೊಂದು ಕಾರಣ ಹೇಳುತ್ತೇನೆ, ಇದು ಚಿಕಿತ್ಸೆಗೇ ಸಂಬಂಧಿಸಿದ್ದು. ಅನ್ನನಾಳಕ್ಕೆ ರೇಡಿಯೇಷನ್ ಶುರುವಾದ ಎರಡನೆಯ, ಮೂರನೆಯ ವಾರದಲ್ಲಿ ಒಳಪದರ ಕೆಂಪಾಗಿ, ನುಂಗುವಾಗ ಉರಿ, ನೋವು ಹೆಚ್ಚುತ್ತದೆ. ಚಿಕಿತ್ಸೆ ಮುಗಿದ ಕೆಲ ವಾರಗಳಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಕಾಯಿಲೆ ಏನೆಂದು ಗೊತ್ತಿರುವವರು ಇದನ್ನು ತಡೆದುಕೊಳ್ಳುತ್ತಾರೆ. ಬರೀ ಹುಣ್ಣು ಎಂದುಕೊಂಡವರು, "ಬಂದಿದ್ದಕ್ಕಿಂತ ಜಾಸ್ತಿ ಆಯ್ತು, ನಡೀರಿ ಮನೆಗೆ" ಎಂದು ಅರ್ಧಕ್ಕೇ ಎದ್ದುಬಿಡುತ್ತಾರೆ. ಈ ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದರೆ ಫಲ ಕಡಿಮೆಯಾಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರೂ ಅವರೇ. ತೋಟ, ಪಹಣಿ, ಮಂಡಿಯ ಲೆಕ್ಕ ಇಷ್ಟು ವರ್ಷ ನೋಡಿಕೊಂಡವರು ಅವರು. ಅಡಿಕೆ ಕೊಯ್ಲಿನ ಹೊತ್ತಿಗೆ ತಾವು ಊರಲ್ಲಿ ಇರುತ್ತಾರೋ ಇಲ್ಲವೋ, ಯಾರಿಗೆ ಏನು ವಹಿಸಬೇಕು ಎಂದು ನಿರ್ಧರಿಸುವ ಹಕ್ಕನ್ನು ಅವರಿಂದ ಕಿತ್ತುಕೊಳ್ಳುವುದು ನ್ಯಾಯವಲ್ಲ.

ಹಾಗೆಂದು ನೀವೊಬ್ಬರೇ ಗುಟ್ಟಾಗಿ ಹೇಳಿಬಿಡಬೇಡಿ, ಅಣ್ಣತಂಗಿಯರ ನಡುವೆ ಬಿರುಕು ಬರುತ್ತದೆ. ಅಪ್ಪಯ್ಯ ನಿಮ್ಮನ್ನು ಕರೆದು ಕೇಳಿದ್ದನ್ನು ಅವರು ಕೇಳಿದ ಹಾಗೇ ಅಣ್ಣಂದಿರಿಗೆ ಹೇಳಿ. ಆಮೇಲೆ ಎಲ್ಲರೂ ಒಟ್ಟಾಗಿ ಡಾಕ್ಟರನ್ನು ಕಂಡು, ಅಪ್ಪಯ್ಯನೊಂದಿಗೆ ಮಾತಾಡಲು ಬಿಡುವಾದ ಹೊತ್ತೊಂದನ್ನು ಕೇಳಿ. ಓಪಿಡಿಯ ನೂಕುನುಗ್ಗಲಿನಲ್ಲಿ ನಿಂತುಕೊಂಡು ಆಡುವ ಮಾತಲ್ಲ ಇದು. ಡಾಕ್ಟರು ಮೊದಲು ಅಪ್ಪಯ್ಯನನ್ನೇ ಕೇಳಲಿ: "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತು? ವಿವರ ನಿಮಗೇ ಹೇಳಲೋ, ಮಕ್ಕಳಿಗೆ ಹೇಳಿದರೆ ಸಾಕೋ?" ಅವರು "ಮಕ್ಕಳು ನೋಡಿಕೊಳ್ತಾರೆ, ನಂಗೆ ಬೇಡ" ಎಂದರೆ ಅದೂ ಅವರದೇ ತೀರ್ಮಾನ. ಒತ್ತಾಯ ಮಾಡಬಾರದು, ಮುಂದೊಂದು ದಿನ ಮತ್ತೆ ಕೇಳಿದರಾಯಿತು. ತಿಳಿಯಬೇಕು ಎಂದರೆ ಚಿಕ್ಕ ಚಿಕ್ಕ ಮಾತಿನಲ್ಲಿ, ನಡುವೆ ನಿಲ್ಲಿಸಿ ಹೇಳಬೇಕು. ವರ್ಷ, ತಿಂಗಳು ಎಂಬ ಗಡುವು ಬೇಡ.

ಹೇಳಿದ ಮೇಲೆ ಅವರು ಮೌನವಾಗಬಹುದು, ಊಟ ಬಿಡಬಹುದು, ಅಮ್ಮನ ಮೇಲೆ ರೇಗಬಹುದು. "ಧೈರ್ಯ ತಗೊಳ್ಳಿ, ಏನೂ ಆಗಲ್ಲ" ಎಂದು ಬಾಯಿ ಮುಚ್ಚಿಸಬೇಡಿ. "ನಂಗೂ ಹೆದರಿಕೆ ಆಗಿದೆ ಅಪ್ಪಯ್ಯ, ಜೊತೇಲಿ ಇರ್ತೀವಿ" ಎಂದರೆ ಸಾಕು. ಹೆಚ್ಚಿನವರು ಕೆಲವು ದಿನಗಳಲ್ಲಿ ಎದ್ದು ಕೂತು, "ಸರಿ, ಯಾವತ್ತು ಹೊರಡೋದು?" ಎಂದು ಕೇಳುತ್ತಾರೆ. ಎರಡು ವಾರ ಕಳೆದರೂ ನಿದ್ದೆಯಿಲ್ಲ, ಯಾವುದೂ ಬೇಡ, ಬದುಕಿ ಏನು ಪ್ರಯೋಜನ ಎಂಬ ಮಾತೇ ಬರುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಸಾಯುವ ಮಾತು ಬಂದರಂತೂ ಎರಡು ವಾರ ಕಾಯುವುದೇ ಬೇಡ, ಅವತ್ತೇ ಹೇಳಿ. ಖಿನ್ನತೆಗೆ ಚಿಕಿತ್ಸೆ ಇದೆ. ಕ್ಯಾನ್ಸರ್ ಬಂದವರಿಗೆ ಅದು ಸಹಜ ಎಂದು ಬಿಟ್ಟುಬಿಡುವಂಥದ್ದಲ್ಲ.

ಡಾಕ್ಟರ ಜೊತೆ ಮಾತಾಗುವವರೆಗೆ ಅಪ್ಪಯ್ಯ ಮತ್ತೆ ಕೇಳಿದರೆ ಒಳಗೆ ಎದ್ದು ಬರಬೇಡಿ. "ನೀವು ಕೇಳಿದ್ದು ಒಳ್ಳೇದಾಯ್ತು. ಡಾಕ್ಟ್ರ ಹತ್ರ ಒಟ್ಟಿಗೇ ಕೂತು ಕೇಳೋಣ, ನಾನಿರ್ತೀನಿ" ಎನ್ನಿ. ಇದರಲ್ಲಿ ಸುಳ್ಳಿಲ್ಲ, ಅಣ್ಣಂದಿರ ಮಾತನ್ನು ಮುರಿದಂತೆಯೂ ಆಗುವುದಿಲ್ಲ.

ಊಟದ ವಿಷಯಕ್ಕೆ ಮನೆಯಲ್ಲಿ ಜಗಳ ಬೇಡ. ಗಂಜಿ, ರಾಗಿ ಅಂಬಲಿ, ಬೇಳೆಕಟ್ಟು, ಮೆತ್ತಗೆ ಕಿವುಚಿದ ಮೊಸರನ್ನ, ಹೀಗೆ ಸ್ವಲ್ಪ ಸ್ವಲ್ಪ, ಎರಡು ಗಂಟೆಗೊಮ್ಮೆ ಕೊಡಿ, ಬಿಸಿ ಆರಿಸಿ. ಮೂಗಿನ ಮೂಲಕ ಟ್ಯೂಬ್ ಹಾಕಬೇಕೆಂದರೆ ಅದನ್ನು ಕೊನೆಯ ಘಟ್ಟ ಎಂದುಕೊಳ್ಳಬೇಡಿ. ಚಿಕಿತ್ಸೆ ತಡೆದುಕೊಳ್ಳಲು ಶಕ್ತಿ ಬೇಕು, ಅದಕ್ಕಾಗಿ ಹಾಕುತ್ತಾರೆ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಕ್ರೋಸಿನ್ ನುಂಗಿಸಿ ಬೆಳಗಾಗಲಿ ಎಂದು ಕಾಯಬಾರದು, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ರಕ್ತದಲ್ಲಿ ಬಿಳಿಕಣ ಇಳಿದಿರುವಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ನಿಮ್ಮ ಕಡೆ ನಾಟಿ ಔಷಧಿಯ ಸಲಹೆಯೂ ಬಂದೇ ಬರುತ್ತದೆ. ಹೇಳಿದವರನ್ನು ಬೈಯಬೇಡಿ, ಆದರೆ ಅದಕ್ಕಾಗಿ ಚಿಕಿತ್ಸೆಯನ್ನು ಒಂದು ವಾರವೂ ಮುಂದೆ ಹಾಕಬೇಡಿ. ಕೀಮೋ ಜೊತೆ ಬೇರೆ ಏನಾದರೂ ಕೊಡುವ ಮುಂಚೆ ಡಾಕ್ಟರನ್ನು ಕೇಳಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಊರಿಂದ ಹೊರಡುವ ಮುಂಚೆಯೇ ಜೋಡಿಸಿಕೊಳ್ಳಿ. ತಾಳಗುಪ್ಪದ ರೈಲಿನಲ್ಲಿ ಓಡಾಡುವುದಾದರೆ, ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲಿ ಪ್ರಮಾಣಪತ್ರ ಪಡೆಯಿರಿ. ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ ಶೇ 75 ರಿಯಾಯಿತಿ ಇದೆ.

ಪ್ರಶ್ನೆ: ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಹೆಂಡತಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಮುಂದಿನ ವಾರ ಕೀಮೋ ಶುರು. 9 ವರ್ಷದ ಮಗಳಿಗೆ "ಅಮ್ಮನಿಗೆ ಹುಷಾರಿಲ್ಲ" ಎಂದಷ್ಟೇ ಹೇಳಿದ್ದೇವೆ. ಈಚೆಗೆ ಅವಳು ಅಮ್ಮನ ಲೋಟದಲ್ಲಿ ನೀರು ಕುಡಿಯುತ್ತಿಲ್ಲ, ಪಕ್ಕದಲ್ಲಿ ಮಲಗುತ್ತಿಲ್ಲ.

ಉತ್ತರ: ಮಗು ಎಲ್ಲೋ ಅರ್ಧ ಮಾತು ಕೇಳಿಸಿಕೊಂಡಿದೆ, ಉಳಿದರ್ಧವನ್ನು ತಾನೇ ಕಲ್ಪಿಸಿಕೊಂಡಿದೆ. ಹುಷಾರಿಲ್ಲ ಎಂದರೆ ಅವಳಿಗೆ ಗೊತ್ತಿರುವುದು ನೆಗಡಿ, ಜ್ವರ. ಅವು ಅಂಟುತ್ತವೆ ಎಂದು ಶಾಲೆಯಲ್ಲೂ ಹೇಳಿಕೊಟ್ಟಿದ್ದಾರೆ. ಹಾಗಾಗಿ ಅವಳು ಲೋಟ ಬಿಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಇವತ್ತೇ ಕೂರಿಸಿಕೊಂಡು ಕ್ಯಾನ್ಸರ್ ಎಂದು ಹೆಸರು ಹೇಳಿ. ಅಮ್ಮ ಹೇಳಿದರೆ ಒಳ್ಳೆಯದು, ನೀವು ಪಕ್ಕದಲ್ಲಿರಿ. ಇದು ಅಂಟುವುದಿಲ್ಲ, ಅಮ್ಮನನ್ನು ತಬ್ಬಿಕೊಳ್ಳಬಹುದು. "ನೀನು ಹಟ ಮಾಡಿದ್ದಕ್ಕೆ ಬಂದದ್ದಲ್ಲ" ಎಂದೂ ಹೇಳಿ. ಈ ವಯಸ್ಸಿನ ಮಕ್ಕಳು ಬಾಯಿಬಿಟ್ಟು ಹೇಳದಿದ್ದರೂ ತಮ್ಮಿಂದಲೇ ಹೀಗಾಯಿತು ಎಂದು ಕೊರಗುವುದುಂಟು, ಅದಕ್ಕಾಗಿ ಕೇಳದೆಯೇ ಹೇಳಬೇಕು. ಅಮ್ಮ ಆಸ್ಪತ್ರೆಯಲ್ಲಿರುವ ದಿನ ಜಡೆ ಹಾಕುವವರು ಯಾರು, ಶಾಲೆಯಿಂದ ಕರೆತರುವವರು ಯಾರು ಎಂಬುದನ್ನೂ ಹೇಳಿ. ಮಕ್ಕಳ ಹೆದರಿಕೆಯಲ್ಲಿ ಅರ್ಧ ಅಂಥ ಸಂಗತಿಗಳದ್ದೇ.

ಸ್ತನ ಕ್ಯಾನ್ಸರ್‌ಗೆ ಕೊಡುವ ಬಹಳಷ್ಟು ಕೀಮೋಗಳಲ್ಲಿ ಮೊದಲ ಡೋಸ್ ಆದ ಎರಡು ಮೂರು ವಾರಕ್ಕೆ ಕೂದಲು ಉದುರತೊಡಗುತ್ತದೆ, ದಿಂಬಿನ ಮೇಲೆ ಹಿಡಿಹಿಡಿಯಾಗಿ. ಮಗು ಅದನ್ನು ದಿಢೀರನೆ ಕಾಣಬಾರದು. ನಿಮ್ಮ ಹೆಂಡತಿಗೆ ಒಪ್ಪಿಗೆಯಿದ್ದರೆ ಮೊದಲೇ ಕೂದಲು ಗಿಡ್ಡ ಮಾಡಿಸಲಿ, ತಲೆಗೆ ಕಟ್ಟುವ ಬಟ್ಟೆಯ ಬಣ್ಣವನ್ನು ಮಗಳು ಆರಿಸಲಿ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ ಎಂದು ಹೇಳಿ. "ಅಮ್ಮ ಸಾಯ್ತಾಳಾ?" ಎಂದು ಕೇಳಿಯೇ ಕೇಳುತ್ತಾಳೆ. "ಇಲ್ಲ" ಎಂದು ಆಣೆ ಇಡಬೇಡಿ. "ಅಮ್ಮ ಹುಷಾರಾಗಲಿ ಅಂತಾನೇ ಡಾಕ್ಟ್ರು ಔಷಧಿ ಕೊಡ್ತಿದಾರೆ. ಏನೇ ಇದ್ರೂ ನಿಂಗೆ ನಾವೇ ಹೇಳ್ತೀವಿ" ಎನ್ನಿ. ಕ್ಲಾಸ್ ಟೀಚರಿಗೂ ಒಂದು ಮಾತು ತಿಳಿಸಿ.

ಪ್ರಶ್ನೆ: ಅತ್ತೆಯವರು ಗದಗದಿಂದ ಬಂದು ಬೆಂಗಳೂರಿನ ನಮ್ಮ ಮನೆಯಲ್ಲಿದ್ದಾರೆ. ಇನ್ನು ಕೀಮೋ ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ರಾತ್ರಿಯೆಲ್ಲ ನೋವು. ಡಾಕ್ಟರು ಬರೆದುಕೊಟ್ಟ ಮಾರ್ಫಿನ್ ಮಾತ್ರೆಗೆ ಮನೆಯವರೆಲ್ಲ ಹೆದರುತ್ತಾರೆ, ತೀರಾ ತಡೆಯಲಾಗದಾಗ ಒಂದು ಕೊಡುತ್ತಾರೆ. ಕೆಲಸಕ್ಕೂ ಹೋಗಿ ಅವರನ್ನೂ ನೋಡಿಕೊಂಡು ನನಗೆ ಸಾಕಾಗಿದೆ. ಬೇಗ ಮುಗಿಯಲಿ ಎನಿಸುತ್ತದೆ, ಮರುಕ್ಷಣ ಎಂಥ ಪಾಪಿ ನಾನು ಎನಿಸುತ್ತದೆ.

ಉತ್ತರ: ಮೊದಲು ನೋವು. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ, ಕ್ಯಾನ್ಸರ್ ನೋವಿಗೆ ತೆಗೆದುಕೊಳ್ಳುವವರು ಅದರ ವ್ಯಸನಕ್ಕೆ ಬೀಳುವುದು ತೀರಾ ಅಪರೂಪ. ಇಂಥ ಔಷಧಿ ರೋಗಿಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತಂದಿದ್ದಾರೆ. ನೋವು ಬಂದಾಗ ಒಂದು ಎಂಬ ಲೆಕ್ಕ ಬೇಡ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಮಾತ್ರ, ಹಾಗಾಗಿ ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಆಗೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ಪಡೆಯಿರಿ. ವಿಪರೀತ ಮಂಪರು ಬಂದರೆ ನೀವೇ ನಿಲ್ಲಿಸದೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ಬೇಗ ಮುಗಿಯಲಿ ಎನಿಸುವುದು ಪಾಪವಲ್ಲ. ಅವರ ನರಳಾಟ ನಿಲ್ಲಲಿ, ನನಗೊಂದು ರಾತ್ರಿ ನಿದ್ದೆ ಸಿಗಲಿ ಎಂಬುದು ಅದರೊಳಗಿನ ಮಾತು. ತಿಂಗಳುಗಟ್ಟಲೆ ನೋಡಿಕೊಂಡ ಎಷ್ಟೋ ಹೆಣ್ಣುಮಕ್ಕಳು ನನ್ನ ಮುಂದೆ ಇದನ್ನೇ ಹೇಳಿ ಅತ್ತಿದ್ದಾರೆ. ಆದರೆ ನಿಮ್ಮ ಪತ್ರದಲ್ಲಿ ಗಂಡನ ಪಾಲಿನ ಕೆಲಸ ಎಲ್ಲೂ ಕಾಣಲಿಲ್ಲ, ಇದನ್ನು ಹೇಳದೆ ಇರಲಾರೆ. ಅವರ ತಾಯಿ ಅವರು. ವಾರಕ್ಕೆ ಮೂರು ರಾತ್ರಿ ಅವರು ಎದ್ದಿರಲಿ, ಮಾತ್ರೆಯ ಹೊತ್ತನ್ನು ಅವರೇ ನೋಡಿಕೊಳ್ಳಲಿ. ನಾದಿನಿ ತಿಂಗಳಿಗೆ ಒಂದು ವಾರವಾದರೂ ಬಂದಿರಲಿ. ಕೇಳಲು ಸಂಕೋಚಪಡಬೇಡಿ.

ನಿಮ್ಮದೇ ಮನಸ್ಸಿನ ಭಾರಕ್ಕೆ ಟೆಲಿ ಮನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ನೋವು ಹತೋಟಿಗೆ ಬಾರದಿದ್ದರೆ ಮಾರತ್ತಹಳ್ಳಿಯ ಕರುಣಾಶ್ರಯವನ್ನು ಸಂಪರ್ಕಿಸಿ. ಗುಣಪಡಿಸುವ ಚಿಕಿತ್ಸೆ ಮುಗಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಅಲ್ಲಿಗೆ ಕರೆದೊಯ್ಯುವುದೆಂದರೆ ಕೈಬಿಟ್ಟಂತಲ್ಲ, ಆದರೆ ಹೋಗಬೇಕೋ, ಮನೆಯಲ್ಲೇ ಇರಬೇಕೋ ಎಂದು ಅತ್ತೆಯವರನ್ನು ಕೇಳಿಯೇ ನಿರ್ಧರಿಸಿ. ಯಾರು ಸ್ನಾನ ಮಾಡಿಸಿದರೆ ಮುಜುಗರವಿಲ್ಲ, ಯಾರನ್ನು ನೋಡಬೇಕೆನಿಸಿದೆ, ಗದಗಿಗೆ ಹೋಗುವ ಆಸೆ ಇದೆಯೇ ಎಂದೂ ಕೇಳಿ. ಮಾತ್ರೆ ಹೊತ್ತಿಗೆ ಸರಿಯಾಗಿ ಬಿದ್ದು ನೋವು ಇಳಿದಿರುವಾಗ ಕೇಳಿದರೆ ಅವರೇ ನಿಧಾನವಾಗಿ ಹೇಳುತ್ತಾರೆ.