ಎರಡನೇ ಹಾಡಿಗೆ ಯಾರೂ ಬರುವುದಿಲ್ಲ

ಡೊಂಬಿವಲಿಯ ಓದುಗರೊಬ್ಬರ ಉದ್ದ ಪತ್ರದ ಸಾರ: 'ನನಗೆ 46 ವರ್ಷ. ಅಂಧೇರಿಯಲ್ಲಿ ಸಾಲ್ಸಾ ಜೋಡಿ ನೃತ್ಯ ಕಲಿಯುತ್ತಿದ್ದೇನೆ. ಟರ್ನ್‌ಗಳೆಲ್ಲ ಬಾಯಿಪಾಠ. ಆದರೆ ಬಾಂದ್ರಾದ ಸೋಷಿಯಲ್‌ನಲ್ಲಿ (ಎಲ್ಲರೂ ಸೇರಿ ಕುಣಿಯುವ ಕೂಟ) ಒಂದು ಹಾಡಿಗೆ ಕುಣಿದ ಹೆಂಗಸರು ಎರಡನೆಯದಕ್ಕೆ ಬರುವುದಿಲ್ಲ. ನನ್ನ ವಯಸ್ಸು ಕಾರಣವೋ, ಹರಕು ಇಂಗ್ಲಿಷೋ? ಸುಮ್ನೆ ಬಚಾಟಾ ಡಾನ್ಸ್ ಕ್ಲಾಸ್ ಸೇರಿಬಿಡಲೇ?'

ಮಾನ್ಯರೇ,

ಇಂಗ್ಲಿಷ್ ಬಿಡಿ, ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ವಯಸ್ಸೂ ಕಾರಣ ಅಂತ ನನಗೆ ಅನಿಸುವುದಿಲ್ಲ. ಪತ್ರದ ತುಂಬಾ ಟರ್ನ್‌ಗಳ ಹೆಸರು ಬರೆದಿದ್ದೀರಿ, ಹಾಡಿನ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಅನುಮಾನ ಅಲ್ಲೇ.

ಕ್ಲಾಸಿನಲ್ಲಿ ಮುಂದೇನು ಅಂತ ಇಬ್ಬರಿಗೂ ಮೊದಲೇ ಗೊತ್ತು. ನೀವು ಕೈ ಎತ್ತುವ ಮುಂಚೆಯೇ ಅವರು ತಿರುಗಿರುತ್ತಾರೆ. ಸೋಷಿಯಲ್‌ನಲ್ಲಿ ಹಾಗಲ್ಲ. ನಿಮ್ಮ ತಲೆಯಲ್ಲಿರುವುದು ಎದುರಿಗಿರುವವರಿಗೆ ನಿಮ್ಮ ಕೈಯಿಂದಲೇ ತಿಳಿಯಬೇಕು, ಅದೂ ಸ್ವಲ್ಪ ಮೊದಲೇ. ತಡವಾದರೆ ಎಳೆದಾಟ. ಭುಜ ನೋಯಿಸಿಕೊಂಡವರು ಮತ್ತೆ ಬರುತ್ತಾರಾ?

ಚಿಕ್ಕಂದಿನಲ್ಲಿ ಮೃದಂಗ ಕಲಿತಿದ್ದೆ ಅಂದಿದ್ದೀರಲ್ಲ, ಅದನ್ನು ಇಲ್ಲಿ ಬಳಸಿ. ಆದಿತಾಳದ ಹಾಗೆ ಸಾಲ್ಸಾಕ್ಕೂ ಎಂಟೆಣಿಕೆ. ಹೆಜ್ಜೆ ಬೀಳುವುದು 1, 2, 3ಕ್ಕೆ, ಆಮೇಲೆ 5, 6, 7ಕ್ಕೆ. 4 ಮತ್ತು 8 ಖಾಲಿ. ಅಲ್ಲೂ ಏನಾದರೂ ತುರುಕುವುದು ಹೊಸಬರ ಕಾಯಿಲೆ. ಹಾಡಿನ ಅಡಿಯಲ್ಲಿ ಕ್ಲಾವೆ ಎಂಬ ಲಯದ ಪೆಟ್ಟುಗಳ ಸರಣಿ ಓಡುತ್ತಿರುತ್ತದೆ: ಒಂದು ಅರ್ಧದಲ್ಲಿ ಮೂರು ಪೆಟ್ಟು, ಇನ್ನೊಂದರಲ್ಲಿ ಎರಡು. ಎಷ್ಟೋ ಹಾಡುಗಳಲ್ಲಿ ಅದನ್ನು ಬಾರಿಸುವುದೂ ಇಲ್ಲ, ಆದರೂ ಉಳಿದ ವಾದ್ಯಗಳು ಅದರ ಲೆಕ್ಕದಲ್ಲೇ ನಡೆಯುತ್ತವೆ. ಕ್ಯೂಬಾದ 'ಸೋನ್' ಸಂಗೀತದ ಈ ಲೆಕ್ಕವನ್ನೇ 1960-70ರ ದಶಕಗಳಲ್ಲಿ ನ್ಯೂಯಾರ್ಕ್‌ನ ಕ್ಯೂಬನ್, ಪೋರ್ಟೊರಿಕನ್ ಕಲಾವಿದರು ಸಾಲ್ಸಾಕ್ಕೆ ತಂದರು. ಲೋಕಲ್ ರೈಲಿನಲ್ಲಿ ಸಾಲ್ಸಾ ಗಾಯಕಿ ಸೀಲಿಯಾ ಕ್ರೂಸ್ ಹಾಡು ಹಾಕಿಕೊಂಡು ಬೆರಳಲ್ಲಿ ಎಣಿಸಿ. (ಕಾಲಾಡಿಸಲು ಅಲ್ಲಿ ಜಾಗವೆಲ್ಲಿ?)

ಇನ್ನೊಂದು ವಿಷಯ. ಕೆಲವರು 'ಆನ್ ಒನ್' ಕುಣಿಯುತ್ತಾರೆ, ಅಂದರೆ ದಿಕ್ಕು ಬದಲಿಸುವ ಹೆಜ್ಜೆ 1ಕ್ಕೆ; ಕೆಲವರು ನ್ಯೂಯಾರ್ಕ್ ಶೈಲಿಯ 'ಆನ್ ಟೂ', ಅಂದರೆ 2ಕ್ಕೆ. ಯಾವುದು ಅಂತ ಹಾಡು ಶುರುವಾಗುವ ಮುಂಚೆಯೇ ಅವರನ್ನು ಕೇಳಿಬಿಡಿ. ಮಧ್ಯದಲ್ಲಿ ನಿಲ್ಲಿಸಿ ಪಾಠ ಹೇಳಬೇಡಿ, ಅದು ಯಾರಿಗೂ ಇಷ್ಟವಾಗುವುದಿಲ್ಲ. ಬೇಡ ಅಂದರೆ ನಕ್ಕು ಸರಿದುಬಿಡಿ, ಕಾರಣ ಕೇಳಬೇಡಿ. ಮುಂಬೈ ಸೆಖೆಗೆ ಇನ್ನೊಂದು ಶರ್ಟ್ ಬ್ಯಾಗಿನಲ್ಲಿರಲಿ.

ಬಚಾಟಾ ಡೊಮಿನಿಕನ್ ರಿಪಬ್ಲಿಕ್‌ನದು. ಮೂರು ಹೆಜ್ಜೆ, ನಾಲ್ಕಕ್ಕೆ ಒಂದು ತಟ್ಟು. ಕಲಿಯುವುದು ಸುಲಭ, ನಿಜ. ಆದರೆ ಸಾಮಾನ್ಯವಾಗಿ ಹತ್ತಿರ ನಿಂತೇ ಕುಣಿಯುವುದರಿಂದ ಕೈಯ ಒರಟುತನ ಇನ್ನೂ ಜಾಸ್ತಿ ತಿಳಿಯುತ್ತದೆ. ಈಗಲೇ ಬೇಡ. ಬೇಸಿಕ್ ಹೆಜ್ಜೆ ಮತ್ತು ಒಂದೇ ಒಂದು ರೈಟ್ ಟರ್ನ್ ಇಟ್ಟುಕೊಂಡು ಪೂರ್ತಿ ಹಾಡು ಕುಣಿದು ನೋಡಿ. ಫ್ಲೋರ್ ತುಂಬುವ ಮುಂಚೆ ಬೇಗ ಹೋಗಿ. ಹನ್ನೊಂದಕ್ಕೆ ಹೊರಟರೆ ದಾದರ್‌ನಲ್ಲಿ ಬದಲಾಯಿಸಿ ಡೊಂಬಿವಲಿ ಸೇರಬಹುದು.

— ಸಂ.