10 ವಿಚಿತ್ರ ಮನೆಗಳ ಪಟ್ಟಿ ಬಿಡಿ, ಒಳಗೆ ಬಿಡುವ ಮೂರು ಸಾಕು

ಯುರೋಪಿನಲ್ಲಿ 12 ದಿನ, 10 ವಿಚಿತ್ರ ಮನೆ. ಯಾವ ಕ್ರಮದಲ್ಲಿ ಸುತ್ತಿದರೆ ಎಲ್ಲವೂ ಮುಗಿಯುತ್ತವೆ ಎಂದು ಕೇಳಿದ್ದೀರಿ. ಏಳು ವರ್ಷದ ಹಿಂದೆ ನನ್ನ ನೋಟ್‌ಬುಕ್ಕಿನಲ್ಲೂ ಇದೇ ಪಟ್ಟಿ ಇತ್ತು, ಹೆಚ್ಚುಕಮ್ಮಿ ಇದೇ ಹೆಸರುಗಳು. ನಾನು ಎಂಟು ಮುಗಿಸಿದೆ. ಅದರಲ್ಲಿ ಒಳಗೆ ಕಾಲಿಟ್ಟಿದ್ದು ಒಂದೇ ಒಂದಕ್ಕೆ.

ವಿಯೆನ್ನಾದ ಕತೆ ಹೇಳುತ್ತೇನೆ, ಕೇಳಿ. ಹುಂಡರ್ಟ್‌ವಾಸರ್ ಎಂಬ ಚಿತ್ರಕಾರ ಇದ್ದ. ನೇರ ಗೆರೆ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ನೆಲವೂ ಸಮತಟ್ಟಾಗಿ ಇರಬಾರದು, ಕಾಡಿನ ನೆಲದ ಹಾಗೆ ಉಬ್ಬುತಗ್ಗಾಗಿ ಇರಬೇಕು ಎನ್ನುವವನು. ಅವನ ಕಲ್ಪನೆಯ ಮನೆ 1985ರಲ್ಲಿ ಮುಗಿಯಿತು. ಗೋಡೆಗೆ ಬಣ್ಣಬಣ್ಣದ ತೇಪೆ, ಒಂದರಂತೆ ಒಂದಿಲ್ಲದ ಕಿಟಕಿ, ಮಾಳಿಗೆಯ ಮೇಲೆ ಮರಗಳು. ನನಗೆ ಇದೆಲ್ಲ ಫೋಟೋದಲ್ಲಿ ನೋಡಿ ಸಾಕಾಗಿತ್ತು. ಬೇಕಾಗಿದ್ದು ಒಂದೇ, ಆ ಉಬ್ಬುತಗ್ಗಿನ ನೆಲದ ಮೇಲೆ ನಡೆಯಬೇಕು.

ಈಗ ನನ್ನ ತಪ್ಪು. ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುತ್ತೀರಿ ಅನ್ನಿಸುತ್ತಿದೆ. ಒಂದೇ ಎಂದು ಗೊಂದಲವಾಗುವ ಅವನ ಕಟ್ಟಡ ಅಲ್ಲಿ ಎರಡಿವೆ. ಒಂದು ಹುಂಡರ್ಟ್‌ವಾಸರ್‌ಹೌಸ್. ಅದು ಜನ ವಾಸ ಮಾಡುವ ಮನೆ. 52 ಫ್ಲ್ಯಾಟುಗಳು, ನಗರಾಡಳಿತ ಬಾಡಿಗೆಗೆ ಕೊಡುವಂಥವು. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಇನ್ನೊಂದು ಕುನ್ಸ್ಟ್‌ಹೌಸ್ ವೀನ್. ಹಳೇ ಪೀಠೋಪಕರಣ ಕಾರ್ಖಾನೆಯನ್ನು ಅವನೇ ಬದಲಾಯಿಸಿ 1991ರಲ್ಲಿ ತೆರೆದ ಮ್ಯೂಸಿಯಂ. ಅದರ ನೆಲವೂ ಅಲೆಯಲೆಯಾಗಿದೆ. ಟಿಕೆಟ್ ತೆಗೆದುಕೊಂಡರೆ ಬೇಕಾದಷ್ಟು ನಡೆಯಬಹುದು. ಎರಡರ ನಡುವೆ ಐದು ನಿಮಿಷದ ದಾರಿ.

ಇಂಟರ್ನೆಟ್ಟಿನಲ್ಲಿ ಹುಡುಕುವಾಗ ನನಗೆ ಎರಡೂ ಒಂದೇ ಅನ್ನಿಸಿತ್ತು. ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದುಕೊಂಡಿದ್ದೆ. ವಿಳಾಸ ಮೊದಲನೆಯದ್ದು, ತೆರೆದಿರುವ ಸಮಯ ಎರಡನೆಯದ್ದು, 10ರಿಂದ 6. ಸಾಲಿನಲ್ಲಿದ್ದ ಪ್ರತಿ ಮಾತೂ ಸರಿ. ಸಾಲು ಮಾತ್ರ ತಪ್ಪು!

ಮಧ್ಯಾಹ್ನ ಎರಡಕ್ಕೆ ಹೋದೆ. ಟಿಕೆಟ್ ಕೌಂಟರ್ ಹುಡುಕಿ ಕಟ್ಟಡವನ್ನು ಎರಡು ಸುತ್ತು ಹಾಕಿದೆ. ಎದುರಿಗೆ ಅದೇ ಶೈಲಿಯಲ್ಲಿ ಮಾಡಿದ ಅಂಗಡಿಗಳ ಕಟ್ಟಡವಿದೆ, ಟಿಕೆಟ್ ಅಲ್ಲೇ ಇರಬೇಕೆಂದು ಅದನ್ನೂ ಜಾಲಾಡಿದೆ. ನಾಲ್ಕರ ಹೊತ್ತಿಗೆ ಒಬ್ಬ ಹೆಂಗಸು ಕೈಚೀಲ ಹಿಡಿದು ಬಂದು ಬಾಗಿಲು ತೆಗೆದರು. ನಾನೂ ಹಿಂದೆಯೇ ನುಗ್ಗಿದೆ. ಆಕೆ ತಿರುಗಿ ನೋಡಿದರು. ಬೈಯಲಿಲ್ಲ. ಬಾಗಿಲ ಪಕ್ಕದ ಫಲಕದ ಕಡೆ ಬೆರಳು ತೋರಿಸಿದರು, ಅಷ್ಟೇ. ಅವರ ಮನೆಗೆ ನುಗ್ಗಿದ್ದೆ ನಾನು. ಹೊರಗೆ ಬಂದು ತಲೆ ತಗ್ಗಿಸಿ ಒಂದು ಬೆಂಚಿನ ಮೇಲೆ ಕೂತೆ. ಫೋನಿನಲ್ಲಿ ಸರಿಯಾಗಿ ಓದಿದಾಗ ಆರೂ ಹತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಮಾರನೇ ದಿನ ಬೆಳಿಗ್ಗೆ ಪ್ರಾಗ್ ರೈಲು. ಪಟ್ಟಿಯಲ್ಲಿ ಇನ್ನೂ ಐದು ಬಾಕಿ ಇದ್ದವಲ್ಲ, ಒಂದು ದಿನ ಜಾಸ್ತಿ ಉಳಿಯುವ ಧೈರ್ಯ ಬರಲಿಲ್ಲ.

ಹಾಗಾಗಿ ಕ್ರಮದ ಪ್ರಶ್ನೆಯೇ ಬೇಡ. ಪ್ರತಿ ಹೆಸರಿನ ಮುಂದೆ 'ಒಳಗೆ ಬಿಡುತ್ತಾರಾ' ಎಂದು ಬರೆದುಕೊಳ್ಳಿ. ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ನಾನು ಹೇಳುವ ಮೂರರಲ್ಲಿ ಮೊದಲನೆಯದು ವಿಯೆನ್ನಾದ ಆ ಮ್ಯೂಸಿಯಂ. ನಿಮ್ಮ ಪಟ್ಟಿಯಲ್ಲಿರುವ ಸೋಪೋಟ್‌ನ ವಕ್ರ ಮನೆ ಹೊಡೆದುಹಾಕಿ. 2004ರಲ್ಲಿ ಕಟ್ಟಿದ ವಾಣಿಜ್ಯ ಕಟ್ಟಡ ಅದು, ವಕ್ರವೆಲ್ಲ ಮುಖದಲ್ಲೇ ಇದೆ. ಅದೊಂದಕ್ಕಾಗಿ ಪೋಲೆಂಡಿನ ಉತ್ತರ ತುದಿಗೆ ಯಾಕೆ? ಪ್ರಾಗ್‌ನ ಡ್ಯಾನ್ಸಿಂಗ್ ಹೌಸ್ ಹೊರಗಿನಿಂದ ಚೆಂದ, ಒಪ್ಪುತ್ತೇನೆ. ಬಾಂಬ್ ಬಿದ್ದು ಖಾಲಿಯಾಗಿದ್ದ ಮೂಲೆಯಲ್ಲಿ 1996ರಲ್ಲಿ ಎದ್ದ ಆ ಗಾಜಿನ ಗೋಪುರ ಸೊಂಟ ಬಳುಕಿಸಿಕೊಂಡು ನಿಂತಿದೆ. ಆದರೆ ಹತ್ತು ನಿಮಿಷ ಸಾಕು. ಪ್ರಾಗ್‌ಗೆ ಹೇಗೂ ಹೋಗುವುದಿದ್ದರೆ ನೋಡಿ.

ರಾಟರ್‌ಡ್ಯಾಮ್ ಮಾತ್ರ ಬಿಡಬೇಡಿ. ನಾನು ಒಳಗೆ ಹೋದ ಒಂದೇ ಒಂದು ಅದೇ. ಪೀಟ್ ಬ್ಲೋಮ್ ಎಂಬ ವಾಸ್ತುಶಿಲ್ಪಿಯ ಘನಾಕಾರದ ಮನೆಗಳು, 1984ರವು. ಕಂಬದ ಮೇಲೆ ಡಬ್ಬಿಯನ್ನು ಮೂಲೆ ಕೆಳಗಾಗಿ ನಿಲ್ಲಿಸಿದ ಹಾಗೆ. ಒಂದೊಂದು ಮನೆ ಒಂದು ಮರ, ಎಲ್ಲ ಸೇರಿ ಕಾಡು ಎಂಬುದು ಅವನ ಲೆಕ್ಕ. ಜನ ವಾಸ ಮಾಡುತ್ತಾರೆ, ಆದರೆ ಒಂದು ಮನೆಯನ್ನು ನೋಡುಗರಿಗೆಂದೇ ತೆರೆದಿಟ್ಟಿದ್ದಾರೆ. ಕೆಳಗಿನ ಅಂತಸ್ತಿನಲ್ಲಿ ಗೋಡೆ ಹೊರಕ್ಕೆ ವಾಲಿದೆ, ಕಿಟಕಿಯಲ್ಲಿ ಇಣುಕಿದರೆ ಕಾಲಡಿಯಲ್ಲೇ ರಸ್ತೆ. ಮೇಲೆ ಹೋದರೆ ಗೋಡೆ ಒಳಕ್ಕೆ ಬಾಗುತ್ತದೆ, ನನ್ನ ಹಣೆ ಬಡಿಯಿತು. ಸುಮಾರು 100 ಚದರ ಮೀಟರ್ ಜಾಗ, ಅದರಲ್ಲಿ ಕಾಲು ಭಾಗ ಉಪಯೋಗಕ್ಕೇ ಬರುವುದಿಲ್ಲ. ಬೀರು ಎಲ್ಲಿಡುವುದು? ಈ ಪ್ರಶ್ನೆ ಫೋಟೋ ನೋಡಿದಾಗ ಹುಟ್ಟುವುದಿಲ್ಲ, ಅಲ್ವಾ?

ಮೂರನೆಯದು ನಿಮ್ಮ ಪಟ್ಟಿಯಲ್ಲಿ ಕೊನೆಗಿದೆ, ಅದನ್ನು ಮೇಲಕ್ಕೆ ತನ್ನಿ. ಫ್ರಾನ್ಸಿನ ಓಟ್‌ರೀವ್ ಹಳ್ಳಿಯ 'ಪಾಲೆ ಇದೆಯಾಲ್'. ನಾನು ಅಲ್ಲಿಗೆ ಹೋಗಿದ್ದು ಆಮೇಲೆ, ಎರಡು ವರ್ಷ ಬಿಟ್ಟು, ಅದೊಂದಕ್ಕಾಗಿಯೇ. ಫರ್ಡಿನಾಂಡ್ ಶೆವಾಲ್ ಎಂಬ ಪೋಸ್ಟ್‌ಮ್ಯಾನ್ ಕಾಗದ ಹಂಚುತ್ತಾ ಹೋಗುವಾಗ ಒಂದು ಕಲ್ಲು ಎಡವಿದ. ಅದರ ಆಕಾರ ಇಷ್ಟವಾಯಿತು. 1879ರಿಂದ 1912ರವರೆಗೆ, 33 ವರ್ಷ, ದಾರಿಯಲ್ಲಿ ಸಿಕ್ಕ ಕಲ್ಲು ಹೊತ್ತು ತಂದು ಒಬ್ಬನೇ ಅರಮನೆ ಕಟ್ಟಿದ. ಒಳಗೆ ಓಡಾಡಬಹುದು, ಮೇಲೆ ಹತ್ತಬಹುದು. ಒಂದಿಡೀ ದಿನ ಇಟ್ಟುಕೊಳ್ಳಿ. ಮುಗಿದ ಮೇಲೆ ಊರಿನ ಸ್ಮಶಾನಕ್ಕೂ ಹೋಗಿ. ಸತ್ತರೆ ಅರಮನೆಯಲ್ಲೇ ಹೂಳಿ ಎಂದು ಅವನು ಕೇಳಿದ್ದ, ಅನುಮತಿ ಸಿಗಲಿಲ್ಲ. ಎಪ್ಪತ್ತು ದಾಟಿದ್ದ ಮುದುಕ ಮತ್ತೆ ಕಲ್ಲು ಹೊತ್ತ. ಎಂಟು ವರ್ಷ ಹಿಡಿದು ತನ್ನ ಸಮಾಧಿಯನ್ನೂ ಅದೇ ರೀತಿ ತಾನೇ ಕಟ್ಟಿಕೊಂಡ. ಅದಕ್ಕೆ ಟಿಕೆಟ್ ಇಲ್ಲ.